ತೋಟದ ಪಹಣಿಗೆ ನನ್ನ ಹೆಸರು ಬಂದಿದ್ದು ಹೀಗೆ

ನಮ್ಮದು ಮಲೆನಾಡಿನ ಕಾಫಿ ತೋಟ. ಮಾವನವರು ಸ್ವಂತ ದುಡಿಮೆಯಲ್ಲಿ ಕೊಂಡಿದ್ದು. ಅವರು ಉಯಿಲು ಬರೆಯದೆ ತೀರಿಕೊಂಡರು, ಪಹಣಿ ಅವರ ಹೆಸರಲ್ಲೇ ಉಳಿಯಿತು. ನಮ್ಮ ಯಜಮಾನರೂ ಹೋದ ಮೇಲೆ ತೋಟ ನೋಡಿಕೊಂಡವಳು ನಾನು. ಆದರೆ ಕಾಗದದಲ್ಲಿ ನಾನು ಎಲ್ಲೂ ಇರಲಿಲ್ಲ. ಬೆಳೆ ಸಾಲ ಕೇಳಲು ಹೋದರೂ ಮೊದಲು ಪಹಣಿ ತನ್ನಿ ಅನ್ನುತ್ತಾರೆ.

ಮೊದಲು ಪಾಲಿನ ಲೆಕ್ಕ ತಿಳಿದುಕೊಂಡೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ, ಉಯಿಲಿಲ್ಲದೆ ತೀರಿಕೊಂಡ ಗಂಡಸಿನ ಸ್ವಯಾರ್ಜಿತ ಆಸ್ತಿ ಹೆಂಡತಿ, ಮಕ್ಕಳು, ತಾಯಿ ಎಲ್ಲರಿಗೂ ಸಮಪಾಲು. ಹೆಣ್ಣುಮಕ್ಕಳಿಗೂ ಅಷ್ಟೇ. ಹಾಗಾಗಿ ಅತ್ತೆ, ಯಜಮಾನರು, ಮೈದುನ, ನಾದಿನಿ ಅಂತ ನಾಲ್ಕು ಪಾಲು. ಯಜಮಾನರ ಕಾಲು ಪಾಲು ಮತ್ತೆ ನಾಲ್ಕಾಗುತ್ತದೆ: ನಾನು, ನನ್ನ ಇಬ್ಬರು ಮಕ್ಕಳು, ಅತ್ತೆ. ಅಂದರೆ ನಮ್ಮ ಮೂವರಿಗೆ ಒಟ್ಟು ತೋಟದ 16ರಲ್ಲಿ 3 ಭಾಗ. ತೀರಿಹೋದ ಮಗನ ಪಾಲಲ್ಲಿ ತಾಯಿಗೂ ಹಕ್ಕಿದೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಸೊಸೆಗೆ ಏನೂ ಬರಲ್ಲ ಅನ್ನೋ ಮಾತಂತೂ ಶುದ್ಧ ಸುಳ್ಳು.

ಅಷ್ಟರಲ್ಲಿ ಮೈದುನ ಪೌತಿ ಖಾತೆಗೆ, ಅಂದರೆ ತೀರಿಹೋದವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಹಾಕಿದ್ದರು. ಅದರ ಜೊತೆ ಕೊಟ್ಟ ವಂಶವೃಕ್ಷ ನೋಡಿದೆ. ಯಜಮಾನರ ಹೆಸರಿನ ಪಕ್ಕ ‘ಮೃತ’ ಅಂತಿತ್ತು. ಅದರ ಕೆಳಗೆ ಒಂದು ಗೆರೆಯೂ ಇಲ್ಲ. ಹದಿನೈದು ವರ್ಷಕ್ಕೂ ಜಾಸ್ತಿ ಆ ಮನೆಯಲ್ಲಿ ಬಾಳಿದ ನಾನಿಲ್ಲ, ಮಕ್ಕಳೂ ಇಲ್ಲ. ಕೈ ನಡುಗಿತು. ಆದರೆ ಜಗಳಕ್ಕೆ ಹೋಗಲಿಲ್ಲ. ಖಾತೆ ಬದಲಾಯಿಸುವ ಮುಂಚೆ ನೋಟಿಸ್ ಹಾಕಬೇಕು, ಆ ಅವಧಿಯಲ್ಲಿ ತಕರಾರು ಕೊಡಬಹುದು. ಬರೆದೇ ಕೊಟ್ಟೆ, ಸ್ವೀಕೃತಿ ಪಡೆದೆ. ಬಾಯಿಮಾತಲ್ಲಿ ಹೇಳಿದ್ದು ಅಲ್ಲಿ ಲೆಕ್ಕಕ್ಕಿಲ್ಲ. ಮರಣ ಪ್ರಮಾಣಪತ್ರ, ರೇಷನ್ ಕಾರ್ಡ್, ಮಕ್ಕಳ ಶಾಲಾ ದಾಖಲೆ ಇಟ್ಟೆ. ತಹಸೀಲ್ದಾರರು ವಿಚಾರಣೆ ಮಾಡಿ ಎಲ್ಲ ವಾರಸುದಾರರ ಹೆಸರಿಗೂ ಜಂಟಿ ಖಾತೆ ಮಾಡಿದರು.

ಇಲ್ಲಿಗೆ ಮುಗೀತು ಅಂತ ಸುಮ್ನೆ ಕೂರೋರೇ ಜಾಸ್ತಿ. ಪಹಣಿ ಕಂದಾಯದ ದಾಖಲೆ, ಅದೊಂದೇ ಮಾಲೀಕತ್ವ ಕೊಡುವುದಿಲ್ಲ. ನನಗೆ ಬೇಕಿದ್ದದ್ದು ಯಾರ ಪಾಲು ಯಾವುದು ಅಂತ ಬರೆದ ನೋಂದಾಯಿತ ವಿಭಾಗ ಪತ್ರ. ದುಡ್ಡು ಕೊಡ್ತೀವಿ, ಪಾಲು ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕು ಅಂತ ಮನೆಯವರು ಅಂದರು. ಹಾಕಲಿಲ್ಲ. ನಾದಿನಿಯೂ ಹಾಕಲಿಲ್ಲ. ಆಮೇಲೆ ಎಲ್ಲರೂ ಮಾತಿಗೆ ಕೂತರು.

ಒಂದೇ ಸರ್ವೆ ನಂಬರಿನ ಜಮೀನು ಒಡೆಯಲು 11ಇ ನಕ್ಷೆ, ಅಂದರೆ ಪಾಲಿನ ಗಡಿ ಅಳೆದು ತೋರಿಸುವ ಸರ್ವೆ ನಕ್ಷೆ, ಬೇಕು. ಭೂಮಾಪಕರು ಬಂದ ದಿನ ನಾನೂ ಅವರ ಹಿಂದೆ ಗಡಿಯುದ್ದಕ್ಕೂ ನಡೆದೆ. ನಮ್ಮ ಪಾಲು ಹಿಂಭಾಗಕ್ಕೆ ಬಿತ್ತು. ರಸ್ತೆಗೆ ಬರಬೇಕಾದರೆ ಮೈದುನನ ಜಾಗ ದಾಟಬೇಕು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯೂ ಕಣವೂ ಅವರ ಕಡೆ. ಎಲ್ಲಾ ನಮ್ಮವರೇ, ಯಾರು ತಡೀತಾರೆ ಅಂದರು. ಇವತ್ತು ತಡೆಯಲ್ಲ, ನಾಳೆ ಅವರ ಮಕ್ಕಳಿಂದ ಕೊಂಡವರು ತಡೆಯಬಹುದು ಅಲ್ವಾ? ಜೀಪು ಹೋಗುವಷ್ಟು ಅಗಲದ ದಾರಿ, ಕೆರೆ ನೀರು, ಕಣದ ಬಳಕೆ ಮೂರನ್ನೂ ಪತ್ರದಲ್ಲೇ ಬರೆಸಿದೆ. ಈ ಇಡೀ ಓಡಾಟದಲ್ಲಿ ನಾನು ಮಾಡಿದ ಅತ್ಯಂತ ಒಳ್ಳೆಯ ಕೆಲಸ ಇದೇ ಅಂತ ನನ್ನ ನಂಬಿಕೆ.

ಉಪನೋಂದಣಿ ಕಚೇರಿಯಲ್ಲಿ ಎಲ್ಲರೂ ಸಹಿ ಹಾಕಿದರು. ಪತ್ರದ ಆಧಾರದ ಮೇಲೆ ಖಾತೆ ಬೇರೆಯಾಯಿತು. ಹೊಸ ಪಹಣಿ ಬಂದಾಗ ಮಾಲೀಕರ ಹೆಸರಿರುವ 9ನೇ ಕಾಲಂ ಒಂದನ್ನೇ ನೋಡಿ ಬಿಡಬೇಡಿ. ನಮ್ಮದರಲ್ಲಿ ಋಣಗಳನ್ನು ಬರೆಯುವ 11ನೇ ಕಾಲಂನಲ್ಲಿ ಮಾವನವರ ಕಾಲದ ಸಾಲ ಹಾಗೇ ಇತ್ತು, ಅದು ತೀರಿ ಎಷ್ಟೋ ವರ್ಷವಾಗಿತ್ತು. ಬ್ಯಾಂಕಿನಿಂದ ಸಾಲ ಬಾಕಿ ಇಲ್ಲ ಅನ್ನೋ ಬೇಬಾಕಿ ಪತ್ರ ತಂದುಕೊಟ್ಟು ಅದನ್ನೂ ತೆಗೆಸಿದೆ.