ಕ್ಯಾಲಿಫೋರ್ನಿಯಾದಲ್ಲಿ ಮನೆ ಕೆಲಸ: ಕಾಂಟ್ರಾಕ್ಟರ್‌ಗೆ ಚೆಕ್ ಬರೆಯುವ ಮುಂಚೆ

ಬೇ ಏರಿಯಾಗೆ ಬಂದು ಹಳೇ ಮನೆ ಕೊಂಡಿದ್ದೀರಾ? ಹಾಗಾದರೆ ಇವತ್ತಲ್ಲ ನಾಳೆ ಅಡುಗೆಮನೆಯನ್ನೋ ಬಚ್ಚಲನ್ನೋ ಒಡೆಸಲೇಬೇಕಾಗುತ್ತದೆ. ಆಗ ನಾನು ಮಾಡಿದ ತಪ್ಪು ನೀವು ಮಾಡಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಊರಲ್ಲಿ ಮೇಸ್ತ್ರಿಗೆ ಅಡ್ವಾನ್ಸ್ ಕೊಟ್ಟರೇನೇ ಕೆಲಸ ಶುರು, ಅಲ್ವಾ? ಅದೇ ಅಭ್ಯಾಸದಲ್ಲಿ 22,000 ಡಾಲರ್ ಬಚ್ಚಲು ಕೆಲಸಕ್ಕೆ ಮೊದಲೇ 8,000 ಕೊಟ್ಟುಬಿಟ್ಟೆ. ಹಳೇ ಟೈಲ್ಸ್ ಕಿತ್ತು ಹೋದ ಮನುಷ್ಯ ಐದು ವಾರ ಪತ್ತೆಯಿಲ್ಲ. ಆಗ ಅಮ್ಮ ಊರಿಂದ ಬಂದಿದ್ದರು. ದಿನಾ ಬೆಳಿಗ್ಗೆ ಟವೆಲ್ ಹಿಡಿದು ಪಕ್ಕದ ಬೀದಿಯ ಸ್ನೇಹಿತರ ಮನೆಗೆ ಸ್ನಾನಕ್ಕೆ ಹೋಗುತ್ತಿದ್ದರು. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಇಲ್ಲಿನ ಕಾನೂನು ಆಮೇಲೆ ಗೊತ್ತಾಯಿತು. ಮುಂಗಡ ಅಂದರೆ ಒಟ್ಟು ಮೊತ್ತದ ಶೇ. 10 ಅಥವಾ 1,000 ಡಾಲರ್, ಯಾವುದು ಕಡಿಮೆಯೋ ಅಷ್ಟೇ. ವಿಶೇಷ ಬಾಂಡ್ (ನಷ್ಟವಾದರೆ ತುಂಬಿಕೊಡುವ ಖಾತರಿ) ಇಟ್ಟಿರುವ ಕೆಲವರಿಗೆ ಮಾತ್ರ ವಿನಾಯಿತಿ. ಮಿಕ್ಕ ದುಡ್ಡು ಕೆಲಸ ಮುಗಿದಷ್ಟಕ್ಕೆ, ಸಾಮಾನು ಬಂದಷ್ಟಕ್ಕೆ. ‘ಸಾಮಾನು ತರಬೇಕು, ಅರ್ಧ ಕೊಡಿ’ ಅಂದವರನ್ನು ಅಲ್ಲೇ ಬಿಟ್ಟುಬಿಡಿ.

ಲೈಸೆನ್ಸ್ ನಂಬರ್ ಕೇಳುವುದಕ್ಕೆ ಸಂಕೋಚ ಬೇಡ. ಕಾಂಟ್ರಾಕ್ಟರ್ಸ್ ಸ್ಟೇಟ್ ಲೈಸೆನ್ಸ್ ಬೋರ್ಡಿನ ವೆಬ್‌ಸೈಟ್‌ನಲ್ಲಿ ಹಾಕಿದರೆ ಎರಡು ನಿಮಿಷದ ಕೆಲಸ. ಕಾಂಟ್ರಾಕ್ಟಿನ ಮೇಲಿರುವ ಹೆಸರೇ ಅಲ್ಲೂ ಇದೆಯಾ ನೋಡಿ. ವರ್ಕರ್ಸ್ ಕಾಂಪ್ ಇನ್ಶೂರೆನ್ಸ್, ಅಂದರೆ ಕೆಲಸಗಾರರಿಗೆ ಪೆಟ್ಟಾದರೆ ಖರ್ಚು ಕೊಡುವ ವಿಮೆ, ಚಾಲ್ತಿಯಲ್ಲಿದೆಯಾ ನೋಡಿ. ಕೆಲಸಗಾರರೇ ಇಲ್ಲ ಅಂತ ಅಲ್ಲಿ ಬರೆಸಿ, ನಿಮ್ಮ ಮನೆಗೆ ಮೂರು ಜನರನ್ನು ಕಳಿಸಿದರೆ ಕೇಳಲೇಬೇಕು. 25,000 ಡಾಲರ್ ಬಾಂಡ್ ಇದೆ ಅಂತ ನೆಮ್ಮದಿಯಾಗಿ ಕೂರಬೇಡಿ. ಅವರಿಂದ ನಷ್ಟವಾದವರೆಲ್ಲ ಹಂಚಿಕೊಳ್ಳಬೇಕಾದ ದುಡ್ಡು ಅದು.

‘ಪರ್ಮಿಟ್ ನಿಮ್ಮ ಹೆಸರಲ್ಲೇ ತೆಗೆಯಿರಿ, ಅಗ್ಗ ಆಗುತ್ತೆ’ ಅಂತಲೂ ಹೇಳುತ್ತಾರೆ. ಬೇಡ. ಓನರ್-ಬಿಲ್ಡರ್ (ಕೆಲಸ ಮಾಡಿಸುವವರು ಮನೆಯವರೇ) ಅಂತ ಸಹಿ ಹಾಕಿದರೆ ಜವಾಬ್ದಾರಿಯೆಲ್ಲ ನಿಮ್ಮ ತಲೆಗೇ.

ಕಂತುಗಳನ್ನು ಸಿಟಿ ಇನ್ಸ್‌ಪೆಕ್ಷನ್‌ಗೆ ಕಟ್ಟಿಹಾಕಿ. ಗೋಡೆಯೊಳಗಿನ ಪೈಪು, ವೈರು ಪಾಸಾದ ಮೇಲೆ ಒಂದು ಕಂತು. ಶವರ್ ನೆಲಕ್ಕೆ ಟೈಲ್ಸ್ ಹಾಕುವ ಮುಂಚೆ ಸೋರುತ್ತದೆಯಾ ಅಂತ ನೋಡಲು ಡ್ರೈನ್ ಮುಚ್ಚಿ ನೀರು ತುಂಬಿಸಿ ಬಿಡುತ್ತಾರೆ. ಎರಡನೇ ಸಲ ಕೆಲಸ ಮಾಡಿಸಿದಾಗ ನಾನೇ ನೀರಿನ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿದ್ದೆ. ಮರುದಿನ ಬೆಳಿಗ್ಗೆ ನೀರು ಗುರುತಿನಲ್ಲೇ ಇತ್ತು. ಆಮೇಲೇ ಚೆಕ್ ಕೊಟ್ಟೆ.

ಕೆಲಸ ಶುರುವಾದ ಮೇಲೆ ಟೈಲ್ಸ್ ಅಂಗಡಿಯಿಂದಲೋ ಸಬ್-ಕಾಂಟ್ರಾಕ್ಟರಿಂದಲೋ ‘ಪ್ರಿಲಿಮಿನರಿ ನೋಟಿಸ್’ ಬರಬಹುದು. ಗಾಬರಿಯಾಗಬೇಡಿ, ಎಸೆಯಲೂ ಬೇಡಿ. ಕಾಂಟ್ರಾಕ್ಟರ್ ಅವರಿಗೆ ದುಡ್ಡು ಕೊಡದಿದ್ದರೆ ನೀವು ಪೂರ್ತಿ ಕೊಟ್ಟಿದ್ದರೂ ಅವರು ನಿಮ್ಮ ಮನೆ ಮೇಲೆ ಲೀನ್ (ಬಾಕಿಗಾಗಿ ಆಸ್ತಿಯ ಮೇಲೆ ಹಕ್ಕು) ಹಾಕಬಹುದು, ಆ ನೋಟಿಸ್ ಅದರ ಮುನ್ಸೂಚನೆ. ಅದಕ್ಕೇ ಪ್ರತಿ ಕಂತಿಗೂ ಅವರಿಂದ ಲೀನ್ ರಿಲೀಸ್, ಅಂದರೆ ಆ ಹಕ್ಕು ಬಿಟ್ಟುಕೊಟ್ಟ ಪತ್ರ, ಬರೆಸಿಕೊಳ್ಳಿ.

ಕನ್ನಡ ಕೂಟದ ಸ್ನೇಹಿತರು ಹೇಳಿದ ಹೆಸರು ಒಳ್ಳೆಯದೇ. ಆದರೆ ಕೆಲಸ ಮುಗಿದು ಒಂದು ವರ್ಷವಾದರೂ ಆಗಿರುವ ಅಡುಗೆಮನೆಗೆ ಹೋಗಿ ನೋಡಿ. ಸಿಂಕ್ ಕೆಳಗಿನ ಬಾಗಿಲು ತೆಗೆದು, ಒಳಗಿನ ಹಲಗೆ ಉಬ್ಬಿದೆಯಾ ಅಂತ ಕೈಯಾಡಿಸಿ.

ಇನ್ನೊಂದು, ಬಾಯಿಮಾತಿನಲ್ಲಿ ಏನನ್ನೂ ಬಿಡಬೇಡಿ. ಮಧ್ಯದಲ್ಲಿ ಆಗುವ ಬದಲಾವಣೆಗೂ ದರ ಬರೆಸಿ ಇಬ್ಬರೂ ಸಹಿ ಹಾಕಿ. ನಮ್ಮ ಅಡುಗೆಮನೆ ಎಸ್ಟಿಮೇಟ್‌ನಲ್ಲಿ ಒಲೆ ಮೇಲಿನ ಹೊಗೆ ಎಳೆಯುವ ಯಂತ್ರಕ್ಕೆ ಸುಮ್ನೆ ‘ಹುಡ್ ಅಳವಡಿಕೆ’ ಅಂತಿತ್ತು. ಕೇಳಿದರೆ, ಗಾಳಿಯನ್ನು ಸೋಸಿ ವಾಪಸ್ ಮನೆಯೊಳಗೇ ಬಿಡುವ ಹುಡ್ ಅದು! ಒಣಮೆಣಸಿನಕಾಯಿ ಒಗ್ಗರಣೆ ಹಾಕುವ ಮನೆಗೆ ಅದು ಸಾಲುತ್ತದೆಯೇ? ‘ಹೊಗೆ ಹೊರಗೆ ಹೋಗುವ ಡಕ್ಟ್ ಸಹಿತ’ ಅಂತ ಸೇರಿಸಿಸಿ, ಆಮೇಲೆ ಸಹಿ ಹಾಕಿದೆವು.