ಟಿವಿ ಡಾಂಗಲ್‌ನಲ್ಲಿ ಸ್ಪೆಕ್ಟ್ರಮ್ ಹಂಚಿಕೆ: ನನ್ನ ಅನುಭವ

ಸ್ಪೆಕ್ಟ್ರಮ್ ಹಂಚಿಕೆ ಎಂದರೆ ಒಂದು ರೇಡಿಯೋ ಚಾನೆಲ್‌ನ ಹಕ್ಕುದಾರ (ಪ್ರೈಮರಿ) ಸುಮ್ಮನಿದ್ದಾಗ ಬೇರೆಯವರು (ಸೆಕೆಂಡರಿ) ಅದನ್ನು ಬಳಸಿ, ಅವನು ಬಂದ ಕೂಡಲೇ ಬಿಟ್ಟುಕೊಡುವುದು. ಅದಕ್ಕೆ ಚಾನೆಲ್ ಖಾಲಿ ಇದೆಯಾ ಎಂದು ಕೇಳಿ ನೋಡಬೇಕು, ಅದೇ ಸ್ಪೆಕ್ಟ್ರಮ್ ಸೆನ್ಸಿಂಗ್. ಆರ್‌ಟಿಎಲ್ ಡಾಂಗಲ್ (ಯುಎಸ್‌ಬಿಗೆ ಸಿಕ್ಕಿಸುವ ಅಗ್ಗದ ಟಿವಿ ರಿಸೀವರ್) ಇಟ್ಟುಕೊಂಡು ಅದನ್ನು ಮಾಡುತ್ತೇನೆ ಎಂದಾಗ ಜೊತೆಯವರು "ಅದರಲ್ಲಿ ಟಿವಿ ನೋಡು, ಸಾಕು" ಎಂದು ನಕ್ಕಿದ್ದರು. ಈಗ ಅವರೇ ಸ್ಕ್ರಿಪ್ಟ್ ಕೇಳುತ್ತಿದ್ದಾರೆ.

ಮೊದಲು ಕೈ ಸುಟ್ಟುಕೊಂಡ ಕತೆ. ಎಲ್ಲರ ಮಾತು ಕೇಳಿ ಒಂದು ಯುಎಸ್‌ಆರ್‌ಪಿ (ದುಬಾರಿ ಸಾಫ್ಟ್‌ವೇರ್ ರೇಡಿಯೋ ಬೋರ್ಡ್) ಕೊಂಡೆ. ಆ ದುಡ್ಡಿಗೆ ಮೂವತ್ತಕ್ಕಿಂತ ಜಾಸ್ತಿ ಡಾಂಗಲ್ ಬರುತ್ತಿದ್ದವು. ಬೋರ್ಡ್ ಚೆನ್ನಾಗಿತ್ತು, ಆದರೆ ಗೋಡೆಯ ಆಚೆ ಪ್ರೈಮರಿ ಟ್ರಾನ್ಸ್‌ಮಿಟರ್ ಇಟ್ಟರೆ (ಅದೂ ನನ್ನದೇ, ಲೈಸೆನ್ಸ್ ಬೇಡದ ಬ್ಯಾಂಡ್‌ನಲ್ಲಿ) ಅದಕ್ಕೆ ಏನೂ ಕೇಳಿಸುತ್ತಿರಲಿಲ್ಲ. ಒಂದೇ ಕಡೆ ಕೂತ ಕಿವಿ ಎಷ್ಟು ಚುರುಕಾಗಿದ್ದರೇನು? ಅರ್ಧ ಬೆಲೆಗೆ ಮಾರಿಬಿಟ್ಟೆ.

ಆಮೇಲೆ ನಾಲ್ಕು ಡಾಂಗಲ್, ನಾಲ್ಕು ಮೂಲೆಗೆ. ಚಾನೆಲ್‌ನಲ್ಲಿನ ಶಕ್ತಿ ಒಂದು ಮಿತಿ (ಥ್ರೆಶೋಲ್ಡ್) ದಾಟಿದರೆ ಬ್ಯುಸಿ ಎನ್ನುವ ಎನರ್ಜಿ ಡಿಟೆಕ್ಟರ್, ಎಜಿಸಿ (ಗೇನ್ ತಾನೇ ಹೊಂದಿಸಿಕೊಳ್ಳುವುದು) ಆಫ್. ಬೆಳಿಗ್ಗೆ ಸರಿಯಾಗಿ ಓಡಿದ್ದು ಮಧ್ಯಾಹ್ನದ ಹೊತ್ತಿಗೆ ಎಲ್ಲ ಚಾನೆಲ್ ಬ್ಯುಸಿ ಎನ್ನತೊಡಗಿತು. ಎರಡು ದಿನ ಕೋಡ್ ತಡಕಾಡಿ, ಕೊನೆಗೆ ಡಾಂಗಲ್ ಮುಟ್ಟಿ ನೋಡಿದರೆ ಕಾದ ಹೆಂಚು! ನಾಯ್ಸ್ ಫ್ಲೋರ್ (ಸಿಗ್ನಲ್ ಇಲ್ಲದಾಗಲೂ ಇರುವ ಗದ್ದಲದ ಮಟ್ಟ) ಒಂದೆರಡು ಡಿಬಿ ಮೇಲೆ ಜರುಗಿತ್ತು, ಥ್ರೆಶೋಲ್ಡ್ ಇದ್ದಲ್ಲೇ ಇತ್ತು. ನಾಯ್ಸ್ ಅಂದಾಜು 1 ಡಿಬಿ ಅತ್ತಿತ್ತ ಆದರೂ ಸಾಕು, ಸುಮಾರು ಮೈನಸ್ 3.3 ಡಿಬಿ ಎಸ್‌ಎನ್‌ಆರ್‌ಗಿಂತ (ಗದ್ದಲಕ್ಕೆ ಹೋಲಿಸಿದ ಸಿಗ್ನಲ್ ಬಲ) ಕೆಳಗಿನ ಸಿಗ್ನಲ್ ಎಷ್ಟು ಸ್ಯಾಂಪಲ್ ಕೂಡಿಸಿದರೂ ಗಟ್ಟಿಯಾಗಿ ಸಿಗುವುದಿಲ್ಲ, ಗೊತ್ತಲ್ವಾ. ಅಗ್ಗದ ಆರ್‌ಎಫ್ ಸ್ವಿಚ್ ಹಾಕಿ, ಆಗಾಗ ಆಂಟೆನಾ ಬಿಡಿಸಿ 50 ಓಮ್ ಲೋಡ್ (ಸಿಗ್ನಲ್ಲೇ ಇಲ್ಲದ ರೆಸಿಸ್ಟರ್) ಕೇಳಿಸಿ ಥ್ರೆಶೋಲ್ಡ್ ಹೊಸದಾಗಿ ಇಡುತ್ತೇನೆ. ಎಷ್ಟು ಹೊತ್ತಿಗೊಮ್ಮೆ ಅಂತ ಮಾತ್ರ ಕೇಳಬೇಡಿ. ಹಾಂ, ನಡುವಿನ ಡಿಸಿ ಸ್ಪೈಕನ್ನು (ರಿಸೀವರೇ ಹುಟ್ಟಿಸುವ ಸುಳ್ಳು ಸಿಗ್ನಲ್) ಒಂದು ವಾರ ಪ್ರೈಮರಿ ಎಂದೇ ಎಣಿಸಿದ್ದೆ.

ಒಂದು ಡಾಂಗಲ್ ಕೂಗಿದರೂ ಚಾನೆಲ್ ಬಿಡು ಎಂದರೆ ದಿನವಿಡೀ ಓಟ. ಮೂರು ಒಪ್ಪಬೇಕೆಂದರೆ ಗೋಡೆಯಾಚೆಯದು ತಪ್ಪಿಹೋಗುತ್ತದೆ. ನಾಲ್ಕರಲ್ಲಿ ಎರಡು ಸರಿಹೋಯಿತು.

ಸೆನ್ಸಿಂಗ್ ಹೊತ್ತಲ್ಲಿ ನಮ್ಮ ಸೆಕೆಂಡರಿಗಳೆಲ್ಲ (ಖಾಲಿ ಚಾನೆಲ್‌ನಲ್ಲಿ ಕಳಿಸುವ ನಮ್ಮ ರೇಡಿಯೋಗಳು) ಬಾಯಿ ಮುಚ್ಚಬೇಕು. ಮೊದಮೊದಲು ಅವುಗಳ ಯುಎಸ್‌ಬಿ ಬಫರ್‌ನಲ್ಲಿ ಉಳಿದ ಸ್ಯಾಂಪಲ್‌ಗಳು ಹದಿನೈದಿಪ್ಪತ್ತು ಮಿಲಿಸೆಕೆಂಡ್ ತಡವಾಗಿ ಹೊರಗೆ ಹೋಗುತ್ತಿದ್ದವು, ನಾವು ನಮ್ಮ ದನಿಗೇ ಹೆದರಿ ಚಾನೆಲ್ ಬಿಡುತ್ತಿದ್ದೆವು. ಬಿಟ್ಟ ಎರಡು ಲಿಂಕ್‌ಗಳೂ ಒಂದೇ ಬ್ಯಾಕಪ್ ಚಾನೆಲ್‌ಗೆ ಹಾರಿ ಡಿಕ್ಕಿ! ಈಗ ಸೆನ್ಸಿಂಗ್‌ಗೆ ಮುಂಚೆ ಸ್ವಲ್ಪ ಗ್ಯಾಪ್ ಬಿಟ್ಟಿದ್ದೇನೆ, ಒಂದೊಂದು ಲಿಂಕ್‌ಗೆ ಬೇರೆ ಬೇರೆ ಸರದಿ ಕೊಟ್ಟಿದ್ದೇನೆ.

ಮಧ್ಯೆ ಚಾನೆಲ್ ಆರಿಸಲು ಕ್ಯೂ-ಲರ್ನಿಂಗ್ (ಮಾಡಿ ನೋಡಿ ತಾನೇ ಕಲಿಯುವ ಮಷೀನ್ ಲರ್ನಿಂಗ್ ವಿಧಾನ) ಹುಚ್ಚು ಹಿಡಿದು ಮೂರು ವಾರ ಹೋಯಿತು. ಸುಮ್ನೆ ಕಳೆದ ಸಲ ಖಾಲಿ ಇದ್ದದ್ದನ್ನೇ ಹಿಡಿದುಕೊಂಡರೂ ಹೆಚ್ಚುಕಮ್ಮಿ ಅಷ್ಟೇ ಬಂತು.

ನೆನಪಿದ್ದಂತೆ, ಖಾಲಿ ಹೊತ್ತಿನಲ್ಲಿ ಮೊದಲು ಮೂರನೇ ಒಂದು ಭಾಗವೂ ನಮಗೆ ದಕ್ಕುತ್ತಿರಲಿಲ್ಲ, ಈಗ ಮೂರರಲ್ಲಿ ಎರಡು ಭಾಗ. ಪ್ರೈಮರಿ ಎದ್ದ ನೂರು ಸಲದಲ್ಲಿ ನಾಲ್ಕೈದು ತಪ್ಪುತ್ತದೆ. ಹೋದ ತಿಂಗಳು ಒಂದು ಡಾಂಗಲ್ ಸತ್ತೇಹೋಗಿತ್ತು. ಉಳಿದ ಮೂರೇ ಕೆಲಸ ನಡೆಸಿದ್ದವು, ನನಗೆ ಗೊತ್ತಾಗಿದ್ದು ನಾಲ್ಕು ದಿನ ಬಿಟ್ಟು.