ಬಡಾವಣೆಯಲ್ಲಿ ರೈತರ ಸಂತೆ: ಉಳಿದ ಬುಟ್ಟಿಯಿಂದ ಲೆಕ್ಕ ಹಿಡಿಯಿರಿ

ನಮ್ಮ ಭಾನುವಾರದ ಸಂತೆಗೆ ಒಂದು ಪುಸ್ತಕವಿದೆ. ಇನ್ನೂರು ಪುಟದ ಉದ್ದ ನೋಟ್‌ಬುಕ್. ಎಷ್ಟು ಜನ ಬಂದರು, ಎಷ್ಟು ರೂಪಾಯಿ ವ್ಯಾಪಾರವಾಯಿತು ಎಂಬುದನ್ನು ಅದರಲ್ಲಿ ಬರೆಯುವುದಿಲ್ಲ. ಬೆಳಿಗ್ಗೆ 11 ಗಂಟೆಗೆ ಯಾರ ಬುಟ್ಟಿಯಲ್ಲಿ ಏನು ಉಳಿಯಿತು ಎಂಬುದನ್ನಷ್ಟೇ ಬರೆಯುತ್ತೇವೆ. ‘ಹರಿವೆ 14 ಕಟ್ಟು, ಹೀರೆ 3 ಕಿಲೊ, ನಿಂಬೆ ಪೂರ್ತಿ ಖಾಲಿ.’ ಮೈಸೂರಿನ ನಮ್ಮ ಬಡಾವಣೆಯಲ್ಲಿ ಆರು ವರ್ಷದಿಂದ ಈ ಸಂತೆ ನಡೆಸುತ್ತಿದ್ದೇವೆ. ನಮ್ಮಲ್ಲೂ ಒಂದು ಮಾಡಬೇಕು, ಹೇಗೆ ಎಂದು ಕೇಳಿಕೊಂಡು ಬಂದವರಿಗೆ ನಾನು ಮೊದಲು ತೆಗೆದು ತೋರಿಸುವುದು ಇದನ್ನೇ.

ಮೊದಲ ಭಾನುವಾರ ನಾವು ಮಾಡಿದ ತಪ್ಪಿನಿಂದ ಈ ಪುಸ್ತಕ ಹುಟ್ಟಿತು. ಆ ದಿನ 23 ಜನ ಮಾರಾಟಗಾರರನ್ನು ಕರೆದಿದ್ದೆವು. ಶಾಮಿಯಾನ ಹಾಕಿಸಿದ್ದೆವು, ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದೆವು. ಜನ ಕಿಕ್ಕಿರಿದಿದ್ದರು. ಆದರೆ ಆ 23 ಜನರಲ್ಲಿ 9 ಜನ ಟೊಮೆಟೊ ತಂದಿದ್ದರು. ಹನ್ನೊಂದರ ಹೊತ್ತಿಗೆ ಬಿಳಿಕೆರೆ ಕಡೆಯ ಒಬ್ಬ ಹೆಣ್ಣುಮಗಳು ಮುಕ್ಕಾಲು ಪಾಲು ತುಂಬಿದ್ದ ತನ್ನ ಎರಡು ಕ್ರೇಟುಗಳನ್ನು ನೋಡುತ್ತಾ ಕುಳಿತಿದ್ದಳು. ‘ಬಸ್ಸಿನ ದುಡ್ಡೂ ಹುಟ್ಟಲಿಲ್ಲ ಟೀಚರ್’ ಎಂದಳು. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ಆ ಒಂದು ಮಾತು ನನಗೆ ಇಡೀ ಸಂತೆಯ ಲೆಕ್ಕವನ್ನು ತಿದ್ದಿಕೊಟ್ಟಿತು. ಕೊಳ್ಳುವವರು ನಾಲ್ಕು ವಾರ ತಪ್ಪಿಸಿ ಐದನೆಯ ವಾರ ಬಂದಾರು. ಮಾರುವವರು ಎರಡು ಸಲ ತುಂಬಿದ ಬುಟ್ಟಿಯೊಂದಿಗೆ ಮನೆಗೆ ಹೋದರೆ ಮೂರನೆಯ ಸಲ ಬರುವುದಿಲ್ಲ.

ಆದ್ದರಿಂದ ಎಂಟು ಜನರಿಂದ ಶುರುಮಾಡಿ. ಇಬ್ಬರು ಸೊಪ್ಪಿನವರು, ಮೂವರು ತರಕಾರಿಯವರು, ಒಬ್ಬರು ಹಣ್ಣಿನವರು, ಒಬ್ಬರು ಹೂವಿನವರು, ಒಬ್ಬರು ಅಕ್ಕಿ, ರಾಗಿ, ಕಾಳಿನವರು. ಒಂದೇ ಪದಾರ್ಥವನ್ನು ಇಬ್ಬರಿಗಿಂತ ಹೆಚ್ಚು ಜನ ತರಬಾರದು. ನಾಲ್ಕು ವಾರ ಸತತವಾಗಿ ಬುಟ್ಟಿಗಳು ಖಾಲಿಯಾದ ಮೇಲೆ ಒಂಬತ್ತನೆಯವರನ್ನು ಕರೆಯಿರಿ, ಅದಕ್ಕೆ ಮೊದಲು ಬೇಡ.

ಜಾಗ, ಹೊತ್ತು, ಬಸ್ಸು

ಸಂತೆ ಎಷ್ಟು ಗಂಟೆಗೆ ಶುರುವಾಗಬೇಕು ಎಂಬುದನ್ನು ಬಡಾವಣೆಯ ಜನರ ನಿದ್ದೆಯಿಂದ ನಿರ್ಧರಿಸಬೇಡಿ, ಹಳ್ಳಿಯ ಮೊದಲ ಬಸ್ಸಿನಿಂದ ನಿರ್ಧರಿಸಿ. ನಮ್ಮವರು ಹುಣಸೂರು ರಸ್ತೆ, ನಂಜನಗೂಡು ರಸ್ತೆ, ತಿ. ನರಸೀಪುರ ರಸ್ತೆ, ಈ ಮೂರು ಕಡೆಗಳಿಂದ ಬರುತ್ತಾರೆ. ಮೂರೂ ಕಡೆಯ ಮೊದಲ ಬಸ್ಸು ಇಳಿದು, ಆಟೊ ಹಿಡಿದು, ಗೋಣಿಚೀಲ ಹಾಸಿ ಕುಳಿತುಕೊಳ್ಳುವಷ್ಟರಲ್ಲಿ ಆರೂವರೆ. ಹಾಗಾಗಿ ನಮ್ಮ ಸಂತೆ ಆರೂಮುಕ್ಕಾಲಿಗೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸಾಮಾನ್ಯ ಬಸ್ಸಿನ ಟಿಕೆಟ್ ಖರ್ಚು ಇಲ್ಲವಾಯಿತು. ನಮ್ಮ ಸಂತೆಗೆ ಹೊಸದಾಗಿ ಸೇರಿದ ನಾಲ್ವರು ಹೆಂಗಸರು ಬಂದದ್ದು ಅದಾದ ಮೇಲೆಯೇ.

ಜಾಗ ನೋಡಲು ಬೆಳಿಗ್ಗೆ ಒಂಬತ್ತೂವರೆಗೆ ಹೋಗಿ. ಏಳು ಗಂಟೆಗೆ ಎಲ್ಲ ಜಾಗವೂ ಚೆನ್ನಾಗಿಯೇ ಕಾಣುತ್ತದೆ. ಒಂಬತ್ತೂವರೆಯ ಬಿಸಿಲು ಎಲ್ಲಿ ಬೀಳುತ್ತದೆಯೋ ಅಲ್ಲಿ ಕೊತ್ತಂಬರಿ, ದಂಟು, ಸಬ್ಬಸಿಗೆ ಅರ್ಧ ಗಂಟೆಯಲ್ಲಿ ಬಾಡುತ್ತವೆ, ಬಾಡಿದ ಸೊಪ್ಪನ್ನು ಯಾರೂ ಮುಟ್ಟುವುದಿಲ್ಲ. ಎತ್ತರದ ಕಟ್ಟಡದ ಪಶ್ಚಿಮ ಪಕ್ಕ ಅಥವಾ ಹೊಂಗೆಯಂಥ ದಟ್ಟ ಮರದ ಬುಡ ಸಿಕ್ಕಿದರೆ ಬಿಡಬೇಡಿ. ಸೊಪ್ಪಿನವರಿಗೆ ಅಲ್ಲೇ ಜಾಗ. ಕುಂಬಳ, ಸುವರ್ಣಗೆಡ್ಡೆ, ಕಾಳುಕಡ್ಡಿಯವರು ಬಿಸಿಲಿನ ಕಡೆ ಇರಬಹುದು. ನೀರಿನ ನಲ್ಲಿ ಬೇಕೇ ಬೇಕು, ಸೊಪ್ಪಿನ ಮೇಲೆ ಹೊದಿಸುವ ಗೋಣಿಯನ್ನು ಆಗಾಗ ನೆನೆಸುತ್ತಿರಬೇಕಲ್ಲ.

ಇನ್ನೊಂದನ್ನು ಗಂಡಸರು ಕೂಡಿ ಯೋಜನೆ ಮಾಡಿದ ಕಡೆ ಸಾಮಾನ್ಯವಾಗಿ ಮರೆಯುತ್ತಾರೆ: ಶೌಚಾಲಯ. ನಾಲ್ಕೂವರೆಗೆ ಮನೆ ಬಿಟ್ಟ ಹೆಣ್ಣುಮಗಳು ಮಧ್ಯಾಹ್ನದವರೆಗೆ ನೀರು ಕುಡಿಯದೆ ಕುಳಿತಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಕ್ಕಪಕ್ಕದ ಮನೆಯೊಂದನ್ನೋ ದೇವಸ್ಥಾನವನ್ನೋ ಶಾಲೆಯನ್ನೋ ಮೊದಲೇ ಮಾತನಾಡಿಸಿ, ಬೀಗದ ಕೈಯನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಇದು ಆಗುವವರೆಗೆ ಸಂತೆಯ ದಿನಾಂಕ ಗೊತ್ತುಮಾಡಬೇಡಿ.

ಉದ್ಯಾನವೋ ರಸ್ತೆಯೋ ಆದರೆ ನಗರಪಾಲಿಕೆಯ ಅನುಮತಿ ಬೇಕು. ಶಾಲೆ, ಕಲ್ಯಾಣ ಮಂಟಪದ ಅಂಗಳವಾದರೆ ಆಡಳಿತ ಮಂಡಳಿಯ ಒಪ್ಪಿಗೆ ಸಾಕು, ಆದರೆ ಅದು ಬರಹದಲ್ಲಿ ಇರಬೇಕು. ನಮಗೆ ಬಾಯಿಮಾತಿನಲ್ಲಿ ಒಪ್ಪಿದ್ದ ಸಂಸ್ಥೆಯೊಂದು ಮೂರನೆಯ ವಾರ ಬೆಳಗಿನ ಜಾವ ಗೇಟಿಗೆ ಬೀಗ ಹಾಕಿತ್ತು. ಹತ್ತು ಜನ ಮೂಟೆಗಳೊಂದಿಗೆ ರಸ್ತೆಯಲ್ಲಿ ನಿಂತಿದ್ದರು.

ಯಾರನ್ನು ಕರೆಯುವುದು

ಮಾರುವವರ ಹೊಲಕ್ಕೆ ಹೋಗದೆ ಅವರ ಹೆಸರು ಬರೆದುಕೊಳ್ಳಬೇಡಿ. ಅನುಮಾನದಿಂದ ಹೋಗಬೇಕಾಗಿಲ್ಲ, ತಿಳಿದುಕೊಳ್ಳುವುದಕ್ಕೆ ಹೋಗಿ. ಎಷ್ಟು ಗುಂಟೆಯಲ್ಲಿ ಏನಿದೆ, ಕೊಳವೆಬಾವಿಯೋ ನಾಲೆಯ ನೀರೋ, ವಾರದ ಉಳಿದ ದಿನ ಮಾಲು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಈ ಕೊನೆಯ ಪ್ರಶ್ನೆ ಬಹಳ ಮುಖ್ಯ. ಬೆಂಡೆ, ಹೀರೆ, ಹುರುಳಿಕಾಯಿಗಳನ್ನು ದಿನ ಬಿಟ್ಟು ದಿನ ಕೀಳಬೇಕು, ಬಿಟ್ಟರೆ ಬಲಿತು ನಾರಾಗುತ್ತವೆ. ಭಾನುವಾರದ ಸಂತೆ ವಾರದ ಮೂರು ಕೊಯ್ಲಿನಲ್ಲಿ ಒಂದನ್ನು ಮಾತ್ರ ಕೊಳ್ಳಬಲ್ಲದು. ಮಿಕ್ಕ ಎರಡಕ್ಕೆ ಮಂಡಿಯೋ ಹಾಪ್‌ಕಾಮ್ಸೋ ಊರ ಅಂಗಡಿಯೋ ಇದೆಯೇ? ಇಲ್ಲವಾದರೆ ನಮ್ಮ ಸಂತೆಯನ್ನೇ ನಂಬಿ ಅರ್ಧ ಎಕರೆಗೆ ಬೆಂಡೆ ಹಾಕಬೇಡಿ ಎಂದು ಅವರಿಗೆ ಮುಖಕ್ಕೇ ಹೇಳಬೇಕು. ಹೇಳದೆ ಇರುವುದು ಮೋಸ.

ಪ್ರತಿಯೊಬ್ಬರೂ ಬೇಗ ಕೆಡುವ ಪದಾರ್ಥದ ಜೊತೆಗೆ ಕೆಡದ ಒಂದನ್ನು ತರಲಿ ಎಂಬುದು ನಮ್ಮ ನಿಯಮ. ಸೊಪ್ಪಿನ ಜೊತೆ ಹುಣಸೆಹಣ್ಣು, ಟೊಮೆಟೊ ಜೊತೆ ಹುರುಳಿಕಾಳು, ಬದನೆಯ ಜೊತೆ ಬೂದುಗುಂಬಳ. ಮಳೆ ಬಂದು ಜನ ಬಾರದ ದಿನ ಸೊಪ್ಪು ಹೋದರೂ ಹುಣಸೆ ಮುಂದಿನ ವಾರಕ್ಕೆ ಉಳಿಯುತ್ತದೆ.

ತಾನು ಬೆಳೆದದ್ದು, ಇಲ್ಲವೇ ಅಕ್ಕಪಕ್ಕದ ಹೊಲದ್ದು. ಅಕ್ಕಪಕ್ಕದ್ದಾದರೆ ಯಾರದ್ದೆಂದು ಹಲಗೆಯ ಮೇಲೆ ಬರೆಯಬೇಕು. ಮಂಡಿಯಲ್ಲಿ ಕೊಂಡು ತಂದು ಮಾರುವುದಕ್ಕೆ ನಮ್ಮಲ್ಲಿ ಜಾಗವಿಲ್ಲ. ತಳ್ಳುಗಾಡಿಯವರ ಮೇಲೆ ನನಗೆ ಸಿಟ್ಟಿಲ್ಲ, ಅವರದೂ ಕಷ್ಟದ ದುಡಿಮೆಯೇ. ಆದರೆ ಎರಡೂ ಒಂದೇ ಸಾಲಿನಲ್ಲಿ ಕುಳಿತರೆ ಬೆಳೆದವರು ಸೋಲುತ್ತಾರೆ. ಪತ್ತೆ ಹಚ್ಚುವುದು ಕಷ್ಟವಲ್ಲ: ಎಲ್ಲ ಕಾಯಿಯೂ ಒಂದೇ ಗಾತ್ರ, ಬೇರಿನಲ್ಲಿ ಮಣ್ಣಿಲ್ಲ, ಮೇ ತಿಂಗಳಲ್ಲಿ ಸೊಗಡಿನ ಅವರೆ ಎಂದರೆ ಕೂತು ಮಾತನಾಡಬೇಕು.

‘ಸಾವಯವ’ ಎಂಬ ಹಲಗೆಯ ಬಗ್ಗೆ ಕಟ್ಟುನಿಟ್ಟಾಗಿರಿ. ದೃಢೀಕರಣ ಇದ್ದವರು ಮಾತ್ರ ಹಾಕಲಿ. ಸಣ್ಣ ರೈತರಿಗೆ ಕೈಗೆಟುಕುವ ದಾರಿಯೆಂದರೆ ಪಿಜಿಎಸ್-ಇಂಡಿಯಾ. ಅಕ್ಕಪಕ್ಕದ ಕನಿಷ್ಠ ಐವರು ರೈತರು ಗುಂಪಾಗಿ ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸುವ ವ್ಯವಸ್ಥೆ ಅದು. ಉಳಿದವರು ಇದ್ದದ್ದನ್ನು ಇದ್ದ ಹಾಗೆ ಬರೆಯಲಿ. ‘ಕೊಟ್ಟಿಗೆ ಗೊಬ್ಬರ, ಒಂದು ಸಲ ಬೇವಿನೆಣ್ಣೆ ಹೊಡೆದಿದ್ದೇನೆ’ ಎಂಬ ಹಲಗೆಯ ಮುಂದೆ ಜನ ನಿಂತು ಮಾತನಾಡುತ್ತಾರೆ.

ಮನೆಯ ಉದ್ಯಮದವರು

ಹಪ್ಪಳ, ಚಟ್ನಿಪುಡಿ, ಮರದ ಗಾಣದ ಎಣ್ಣೆ, ಮಂಡ್ಯ ಕಡೆಯ ಆಲೆಮನೆಯ ಬೆಲ್ಲ, ಮಡಕೆ, ಬಿದಿರಿನ ಮೊರ ಇವೆಲ್ಲ ಇದ್ದರೆ ಸಂತೆಗೆ ಕಳೆ. ಆದರೆ ಇವರ ಸಂಖ್ಯೆ ರೈತರ ಅರ್ಧವನ್ನು ಮೀರಬಾರದು. ಒಂದು ವರ್ಷ ನಾವು ಸಡಿಲ ಬಿಟ್ಟೆವು. ಚಟ್ನಿಪುಡಿಯವರೇ ಏಳು ಜನರಾದರು, ತರಕಾರಿ ಮೂಲೆ ಸೇರಿತು. ಈಗ ಇವರನ್ನು ಒಳಗಿನ ತುದಿಯಲ್ಲಿ ಕೂರಿಸುತ್ತೇವೆ. ಡಬ್ಬಿ ಕೊಳ್ಳಲು ಬಂದವರು ಸೊಪ್ಪನ್ನು ದಾಟಿಯೇ ಹೋಗಬೇಕು.

ತನ್ನ ಹೊಲದ ಹಸಿ ತರಕಾರಿ ಮಾರುವ ರೈತರಿಗೆ ಆಹಾರ ಸುರಕ್ಷತೆಯ ನೋಂದಣಿ ಬೇಕಾಗಿಲ್ಲ. ತಿಂಡಿ, ಪುಡಿ, ಎಣ್ಣೆ ಮಾಡಿ ಮಾರುವವರಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. 14 ಅಂಕಿಯ ಆ ಸಂಖ್ಯೆ, ತಯಾರಿಸಿದ ದಿನ, ತೂಕ, ಬೆಲೆ, ವಿಳಾಸ ಪೊಟ್ಟಣದ ಮೇಲೆ ಇರಲಿ. ಅರ್ಜಿಯನ್ನು ಆನ್‌ಲೈನ್‌ನಲ್ಲೇ ತುಂಬಬೇಕು. ಓದುಬರಹ ಕಡಿಮೆಯಿರುವವರ ಪಕ್ಕದಲ್ಲಿ ಕುಳಿತು ತುಂಬಿಕೊಡುವುದು ಸಂತೆ ನಡೆಸುವವರ ಕೆಲಸ ಎಂದೇ ನಾನು ತಿಳಿದಿದ್ದೇನೆ.

ಇಡ್ಲಿಯವರು ಒಬ್ಬರು ಇರಲಿ. ಮುತ್ತುಗದ ಎಲೆಯಲ್ಲೋ ಅಡಿಕೆ ಹಾಳೆಯ ತಟ್ಟೆಯಲ್ಲೋ ಕೊಡಲಿ. ಪ್ಲಾಸ್ಟಿಕ್ ಕೈಚೀಲಕ್ಕೆ ನಮ್ಮ ರಾಜ್ಯದಲ್ಲಿ 2016ರಿಂದಲೇ ನಿಷೇಧವಿದೆ. ಇಡ್ಲಿ ತಿಂದವರು ಇನ್ನೊಂದು ಸುತ್ತು ಹಾಕುತ್ತಾರೆ, ಹೀರೇಕಾಯಿ ಖಾಲಿಯಾಗುವುದು ಆ ಎರಡನೆಯ ಸುತ್ತಿನಲ್ಲಿ.

ಬೆಲೆ, ತಕ್ಕಡಿ, ದುಡ್ಡು

ಬೆಲೆಯನ್ನು ರೈತರೇ ಇಡಬೇಕು, ನೀವಲ್ಲ. ನೀವು ಎರಡು ಅಂಕಿಗಳನ್ನು ಮಾತ್ರ ಕೊಡಿ: ಹಿಂದಿನ ದಿನದ ಮಂಡಿ ದರ, ಬಡಾವಣೆಯ ಅಂಗಡಿಯ ದರ. ಮಂಡಿಯಲ್ಲಿ ಬದನೆಗೆ ಕಿಲೊಗೆ 14, ಅಂಗಡಿಯಲ್ಲಿ 36 ಎಂದಿಟ್ಟುಕೊಳ್ಳಿ. 26ರಿಂದ 30ರ ನಡುವೆ ಎಲ್ಲೋ ಇಬ್ಬರಿಗೂ ನ್ಯಾಯ ಸಿಗುತ್ತದೆ. ಅದನ್ನು ಸೀಮೆಸುಣ್ಣದಲ್ಲಿ ಹಲಗೆಯ ಮೇಲೆ ಬರೆದ ಮೇಲೆ ಚೌಕಾಸಿ ಇಲ್ಲ. ಕೊಸರು ಮಾತ್ರ ಇರಲಿ. ಒಂದೆಸಳು ಕರಿಬೇವು, ನಾಲ್ಕು ಹಸಿಮೆಣಸಿನಕಾಯಿ ಕೊಡುವುದು ಮಾರುವವರ ಸಂತೋಷ. ಕೈಚಾಚಿ ಕೇಳಿ ಪಡೆಯಬೇಡಿ ಎಂದು ಕೊಳ್ಳುವವರಿಗೆ ನಾನೇ ಹೇಳುತ್ತೇನೆ.

ಸಂತೆ ಮುಗಿಯುವ ಹೊತ್ತಿಗೆ ಬೆಲೆ ಇಳಿಸುವ ಅಭ್ಯಾಸವನ್ನು ಬೆಳೆಯಲು ಬಿಡಬೇಡಿ. ಹತ್ತೂವರೆಗೆ ಅರ್ಧ ಬೆಲೆಗೆ ಸಿಗುತ್ತದೆ ಎಂದು ಗೊತ್ತಾದರೆ ಜನ ಹತ್ತೂವರೆಗೇ ಬರುತ್ತಾರೆ, ಬೆಳಗಿನ ವ್ಯಾಪಾರ ಸಾಯುತ್ತದೆ. ನಮಗೆ ಇದು ಅರ್ಥವಾಗಲು ಐದು ತಿಂಗಳು ಬೇಕಾಯಿತು. ಈಗ ಉಳಿದದ್ದನ್ನು ಹತ್ತಿರದ ಒಂದು ವಿದ್ಯಾರ್ಥಿ ನಿಲಯದವರು ಮೊದಲೇ ಒಪ್ಪಿದ ದರಕ್ಕೆ ತೂಗಿಸಿಕೊಂಡು ಹೋಗುತ್ತಾರೆ. ಆ ದರ ಮಂಡಿಗಿಂತ ಎರಡು ರೂಪಾಯಿ ಹೆಚ್ಚು. ಅದಕ್ಕೂ ಮೊದಲು ಮಾರುವವರು ತಮ್ಮತಮ್ಮಲ್ಲೇ ಬದಲಾಯಿಸಿಕೊಳ್ಳುತ್ತಾರೆ: ಸೊಪ್ಪು ಕೊಟ್ಟು ಬೆಲ್ಲ, ನುಗ್ಗೆ ಕೊಟ್ಟು ಹಪ್ಪಳ.

ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಬೇಕು. ಎಲೆಕ್ಟ್ರಾನಿಕ್ ತಕ್ಕಡಿಗೆ 12 ತಿಂಗಳಿಗೊಮ್ಮೆ, ಕಬ್ಬಿಣದ ಬಟ್ಟುಗಳಿಗೆ 24 ತಿಂಗಳಿಗೊಮ್ಮೆ ಮುದ್ರೆ ಹಾಕಿಸಬೇಕು. ನಾವು ಬಾಗಿಲಲ್ಲಿ ಒಂದು ತಕ್ಕಡಿಯನ್ನು ಸುಮ್ಮನೆ ಇಟ್ಟಿರುತ್ತೇವೆ. ಯಾರು ಬೇಕಾದರೂ ತೂಗಿ ನೋಡಬಹುದು. ಅದನ್ನು ಇಟ್ಟ ಮೇಲೆ ತೂಕದ ಜಗಳ ನಿಂತಿತು.

ಚಿಲ್ಲರೆಗೆ 2000 ರೂಪಾಯಿಯಷ್ಟು ಹತ್ತರ ನೋಟು, ಐದರ ನಾಣ್ಯ ನಿಮ್ಮ ಹತ್ತಿರ ಇರಲಿ. ಈಗ ಹೆಚ್ಚಿನವರು ಮೊಬೈಲಿನಲ್ಲೇ ಹಣ ಕೊಡುತ್ತಾರೆ. ಇಲ್ಲಿ ಒಂದು ವಿಷಯವನ್ನು ದಯವಿಟ್ಟು ಗಮನಿಸಿ. ಕುಳಿತು ಮಾರುವವಳು ತಾಯಿ, ಕ್ಯೂಆರ್ ಕೋಡ್ ಮಗನದ್ದೋ ಗಂಡನದ್ದೋ ಆಗಿರುತ್ತದೆ. ದಿನದ ಕೊನೆಗೆ ಅವಳ ಕೈಯಲ್ಲಿ ಏನೂ ಇರುವುದಿಲ್ಲ, ಎಷ್ಟು ಬಂತೆಂದೂ ಗೊತ್ತಾಗುವುದಿಲ್ಲ. ನಾವು ಒಂದು ಶನಿವಾರ ಪೂರ್ತಿ ಬ್ಯಾಂಕಿನಲ್ಲಿ ಕುಳಿತು ಆರು ಹೆಂಗಸರಿಗೆ ಅವರವರ ಹೆಸರಿನ ಖಾತೆ, ಅವರವರ ಕೋಡ್ ಮಾಡಿಸಿಕೊಟ್ಟೆವು. ಹಣ ಬಂದದ್ದನ್ನು ಕೂಗಿ ಹೇಳುವ ಪೆಟ್ಟಿಗೆ ಅಕ್ಷರ ಬಾರದವರಿಗೆ ಬಹಳ ಅನುಕೂಲ.

ಸಂತೆ ಶುಲ್ಕ ಒಂದು ಜಾಗಕ್ಕೆ 50 ರೂಪಾಯಿ, ಮೊದಲ ನಾಲ್ಕು ವಾರ ಏನೂ ಇಲ್ಲ. ಗುಡಿಸುವವರ ಕೂಲಿ, ನೀರು, ಮಳೆಗಾಲದ ಟಾರ್ಪಾಲು ಅದರಲ್ಲೇ ಆಗಬೇಕು. ವ್ಯಾಪಾರದಲ್ಲಿ ಪಾಲು ಕೇಳಬೇಡಿ. ಕೇಳಿದರೆ ದಲ್ಲಾಳಿಗೂ ನಿಮಗೂ ವ್ಯತ್ಯಾಸ ಉಳಿಯುವುದಿಲ್ಲ.

ಪುಸ್ತಕವನ್ನು ಹೊಲಕ್ಕೆ ಒಯ್ಯುವುದು

ಉಳಿಕೆಯ ಪುಸ್ತಕದ ನಿಜವಾದ ಉಪಯೋಗ ಬಿತ್ತನೆಯಲ್ಲಿದೆ. ತಿಂಗಳ ಕೊನೆಯ ಭಾನುವಾರ ವ್ಯಾಪಾರ ಮುಗಿದ ಮೇಲೆ ಎಲ್ಲರೂ ಹೊಂಗೆ ಮರದ ಕೆಳಗೆ ಅರ್ಧ ಗಂಟೆ ಕೂರುತ್ತೇವೆ. ನಾನು ಓದುತ್ತೇನೆ: ನಾಲ್ಕು ವಾರವೂ ಹರಿವೆ ಉಳಿದಿದೆ, ಮೆಂತ್ಯ ಎಂಟು ಗಂಟೆಗೇ ಮುಗಿದಿದೆ. ಮೆಂತ್ಯ ಸೊಪ್ಪು ಬಿತ್ತಿದ 25-30 ದಿನಕ್ಕೆ ಬರುತ್ತದೆ, ಮೂಲಂಗಿ 40-45 ದಿನಕ್ಕೆ. ಒಂದೇ ಸಲ ಬಿತ್ತಿದರೆ ಒಂದೇ ವಾರ ಬಂದು ಬೀಳುತ್ತದೆ. ಆದ್ದರಿಂದ ಮಡಿಗಳನ್ನು ನಾಲ್ಕು ಪಾಲು ಮಾಡಿ ವಾರಕ್ಕೊಂದರಂತೆ ಬಿತ್ತುವುದು, ಇಬ್ಬರು ಸೊಪ್ಪಿನವರಲ್ಲಿ ಒಬ್ಬರು ಹರಿವೆ ಬಿಟ್ಟು ಮೆಂತ್ಯಕ್ಕೆ ತಿರುಗುವುದು, ಇವೆಲ್ಲ ಅಲ್ಲಿಯೇ ತೀರ್ಮಾನವಾಗುತ್ತವೆ.

ಹಬ್ಬಗಳನ್ನೂ ಹೀಗೆ ಮೊದಲೇ ಗುರುತು ಹಾಕಿ. ಗೌರಿ-ಗಣೇಶಕ್ಕೆ ಗರಿಕೆ, ಬಾಳೆದಿಂಡು, ಹೂವು, ಆಯುಧಪೂಜೆಗೆ ಬೂದುಗುಂಬಳ, ಸಂಕ್ರಾಂತಿಗೆ ಕಬ್ಬು, ಅವರೆ, ಗೆಣಸು. ಸೇವಂತಿಗೆಯವರಿಗೆ ನಾಟಿಯ ಕಾಲಕ್ಕೇ ಹೇಳಬೇಕು, ಹಬ್ಬದ ಹಿಂದಿನ ವಾರ ಹೇಳಿ ಪ್ರಯೋಜನವಿಲ್ಲ. ಸಂತೆ ಹೊತ್ತಿಗೆ ಮೂರು ಮೊಳ ನೇಯುವ ಗಾದೆ ಇಲ್ಲಿ ಅಕ್ಷರಶಃ ನಿಜ.

ಬಿಳಿಕೆರೆ ಕಡೆಯ ಆ ಹೆಣ್ಣುಮಗಳನ್ನು ಮರಳಿ ಕರೆತರಲು ನಾನು ಮೂರು ಸಲ ಅವಳ ಮನೆಗೆ ಹೋಗಿದ್ದೆ. ಈಗ ಅವಳು ಟೊಮೆಟೊವನ್ನು ಒಂದು ಕ್ರೇಟಿಗೆ ಇಳಿಸಿ, ಜೊತೆಗೆ ಗಣಿಕೆ ಸೊಪ್ಪು, ಹೊನಗೊನೆ ಸೊಪ್ಪು, ಹುರುಳಿಕಾಳು ತರುತ್ತಾಳೆ. ಕಳೆದ ಭಾನುವಾರದ ಪುಟದಲ್ಲಿ ಅವಳ ಹೆಸರಿನ ಮುಂದೆ ಹೀಗಿದೆ: ಟೊಮೆಟೊ ಅರ್ಧ ಕಿಲೊ, ಹುರುಳಿ 2 ಕಿಲೊ, ಸೊಪ್ಪು ಪೂರ್ತಿ ಖಾಲಿ. ಆ ಅರ್ಧ ಕಿಲೊವನ್ನು ಇಡ್ಲಿಯವರು ಚಟ್ನಿಗೆಂದು ತೆಗೆದುಕೊಂಡರು. 11.20ಕ್ಕೆ ಹುಣಸೂರಿನ ಬಸ್ಸು. ಅಷ್ಟರೊಳಗೆ ಲೆಕ್ಕ ಬರೆದು, ಸಹಿ ಹಾಕಿಸಿ, ಅವಳನ್ನು ನಿಲ್ದಾಣಕ್ಕೆ ಕಳಿಸಿದೆವು.